ಹಿನ್ನೀರಿನ ಲಾಂಚೂ ನಮ್ಮ ತೋಟದ ಪಂಪ್‌ಸೆಟ್ಟೂ

ಈಚೆಗೆ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಎಂಟನೆಯ ತರಗತಿಯಲ್ಲಿ ಭೂಪಟ ತುಂಬುವಾಗ ಏಜಿಯನ್ ಸಮುದ್ರವನ್ನು ಇಟಲಿಯ ಪಕ್ಕಕ್ಕೆ ತಂದಿರಿಸಿ ನನ್ನಿಂದ ಕಿವಿ ಹಿಂಡಿಸಿಕೊಂಡಿದ್ದವನು. ಈಗ ಅದೇ ಸಮುದ್ರವನ್ನು ಸುತ್ತಿ ಬಂದಿದ್ದಾನೆ! ಯಾವ ಪ್ರವಾಸ ಸಂಸ್ಥೆಯ ಹಂಗೂ ಇಲ್ಲದೆ, ಬೆನ್ನಿಗೊಂದು ಚೀಲ ಹಾಕಿಕೊಂಡು, ಪಿರೇಯಸ್ ಬಂದರಿನಲ್ಲಿ ಹಡಗಿನ ಟಿಕೆಟ್ ಕೊಂಡು, ಪಾರೋಸ್, ನಾಕ್ಸೋಸ್, ಸ್ಯಾಂಟೊರಿನಿ ಎಂದು ದ್ವೀಪದಿಂದ ದ್ವೀಪಕ್ಕೆ ತಿರುಗಿದನಂತೆ. ಗ್ರೀಸ್ ದೇಶಕ್ಕೆ ಸೇರಿದ ಜನವಸತಿಯ ದ್ವೀಪಗಳೇ ಇನ್ನೂರಕ್ಕೂ ಮೇಲೆ. ಬೇಸಿಗೆಯಲ್ಲಿ ಅಲ್ಲಿ ‘ಮೆಲ್ಟೆಮಿ’ ಎಂಬ ಉತ್ತರದ ಗಾಳಿ ಬೀಸುತ್ತದೆ. ಅದು ಜೋರಾದರೆ ಹಡಗುಗಳನ್ನು ಬಂದರಿನಿಂದ ಹೊರಡಗೊಡುವುದಿಲ್ಲ. ಹಾಗೆ ಅವನು ನಾಕ್ಸೋಸ್‌ನಲ್ಲಿ ಒಂದು ದಿನ ಸಿಕ್ಕಿಬಿದ್ದ. “ಸಾರ್, ಇಡೀ ಪ್ರವಾಸದಲ್ಲಿ ಅತ್ಯಂತ ಸುಖದ ದಿನ ಅದೇ” ಎಂದ.

ನಾನೂ ನಕ್ಕೆ. ಆದರೆ ಅವನು ಹೋದ ಮೇಲೆ ಆ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಏಕೆಂದರೆ ನಾನೂ ಒಮ್ಮೆ ಹಾಗೆ ನೀರಿನಾಚೆ ಸಿಕ್ಕಿಬಿದ್ದಿದ್ದೆ. ಗ್ರೀಸಿನಲ್ಲಲ್ಲ, ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ. ಅಂದು ನಾನು ಆಡಿದ ಮಾತೂ ಹೆಚ್ಚುಕಡಿಮೆ ಇದೇ ಆಗಿತ್ತು.

ತರಗತಿಯಲ್ಲಿ ಹೇಳಿಕೊಟ್ಟದ್ದು ನೆನಪಿರಬಹುದು: ‘ದ್ವೀಪ’ ಎಂಬ ಶಬ್ದದೊಳಗೆ ‘ದ್ವಿ’ ಇದೆ, ನೀರೆಂಬರ್ಥದ ‘ಅಪ್’ ಇದೆ. ಎರಡು ಕಡೆ ನೀರಿರುವುದು ದ್ವೀಪ. ನಾಲ್ಕೂ ಕಡೆ ನೀರಿರಲೇಬೇಕೆಂದು ಮೂಲಶಬ್ದ ಕೇಳುವುದಿಲ್ಲ. ಸಾಗರ ತಾಲ್ಲೂಕಿನ ತುಮರಿ, ಬ್ಯಾಕೋಡು, ಸಿಗಂದೂರು ಮುಂತಾದ ಊರುಗಳು ಅಂಥ ದ್ವೀಪಗಳಾದವು. ಬೆನ್ನಿಗೆ ಸಹ್ಯಾದ್ರಿಯ ಕಾಡು, ಎದುರಿಗೆ ಶರಾವತಿಯ ಹಿನ್ನೀರು. ಅವು ಹುಟ್ಟಿನಿಂದ ದ್ವೀಪಗಳಲ್ಲ. ಮನುಷ್ಯರು ಮಾಡಿದ ದ್ವೀಪಗಳು. ಅವು ಹಾಗಾದ ವರ್ಷವನ್ನೂ ಹೇಳಬಹುದು.

ಶರಾವತಿಯ ನೀರಿನಿಂದ ವಿದ್ಯುತ್ತನ್ನು ಪಡೆಯುವ ಕೆಲಸ ಮೈಸೂರು ಅರಸರ ಕಾಲದಲ್ಲೇ ಕೈಗೂಡತೊಡಗಿತು. 1948ರಲ್ಲಿ ಜೋಗದ ವಿದ್ಯುದಾಗಾರ ಚಾಲನೆಗೊಂಡಿತು. ಇಂದು ಅದಕ್ಕೆ ಮಹಾತ್ಮಾ ಗಾಂಧಿಯವರ ಹೆಸರಿದೆ. ಅದಕ್ಕೆ ನೀರು ಒದಗಿಸಲು ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಿದರು. ನೀರು ತುಂಬಿದೊಡನೆ ತಾನಾಗಿಯೇ ಹೊರಚೆಲ್ಲುವ ಸೈಫನ್‌ಗಳು ಅದರಲ್ಲಿದ್ದವು. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷೆಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯದಲ್ಲಿ ಇಂಥ ಸೈಫನ್ನನ್ನು ನೀವೆಲ್ಲ ಬಾಯಿ ತೆರೆದು ನೋಡಿದ್ದೀರಿ.

ಆದರೆ ಬೆಳೆಯುತ್ತಿದ್ದ ರಾಜ್ಯಕ್ಕೆ ಅಷ್ಟು ವಿದ್ಯುತ್ತು ಸಾಲಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಅದರ ಪೂರ್ಣಮಟ್ಟ 1819 ಅಡಿ; ಹಿಡಿಯುವ ನೀರು 150 ಟಿಎಂಸಿಗೂ ಹೆಚ್ಚು. ಆ ನೀರಿನಲ್ಲಿ ಹಿರೇಭಾಸ್ಕರ ಅಣೆಕಟ್ಟೇ ಮುಳುಗಿಹೋಯಿತು! ಬಿರುಬೇಸಿಗೆಯಲ್ಲಿ ಹಿನ್ನೀರು ತಳ ಹಿಡಿದಾಗ ಇಂದಿಗೂ ಅದು ತಲೆಯೆತ್ತುತ್ತದೆ. ಅಣೆಕಟ್ಟನ್ನೇ ನುಂಗಿದ ನೀರು ಅಡಿಕೆ ತೋಟ, ಗದ್ದೆ, ಮನೆ, ಗುಡಿಗಳನ್ನು ಬಿಟ್ಟೀತೆ? ಊರುಗಳು ಮುಳುಗಿದವು. ಜನರನ್ನು ಲಾರಿಗಳಲ್ಲಿ ಸಾಗಿಸಿ ಬೇರೆ ತಾಲ್ಲೂಕುಗಳ ಕಾಡಂಚಿನಲ್ಲಿ ಇಳಿಸಿದರು. ಹಾಗೆ ಹೋದ ಎಷ್ಟೋ ಕುಟುಂಬಗಳ ಭೂಮಿಯ ಹಕ್ಕುಪತ್ರದ ಪ್ರಶ್ನೆ ಆರು ದಶಕಗಳಾದರೂ ಬಗೆಹರಿಯಲಿಲ್ಲ. ಮುಳುಗದೆ ಉಳಿದ ಎತ್ತರದ ಊರಿನವರು ಅಲ್ಲಿಯೇ ಉಳಿದರು. ಆದರೆ ಸಾಗರದ ಪೇಟೆಗೆ ಹೋಗುವ ದಾರಿ ನೀರಿನಡಿಗೆ ಸೇರಿತ್ತು. ದಾರಿ ಹೋದ ಕಡೆ ಲಾಂಚ್ ಬಂತು.

1986ರ ದಸರಾ ರಜೆಯಲ್ಲಿ ನಾನು ಅಲ್ಲಿಗೆ ಹೋದೆ. ನನ್ನ ಸಹೋದ್ಯೋಗಿಯೊಬ್ಬರು ಆ ಕಡೆಯವರು. “ರಜೆಗೆ ಊರಿಗೆ ಹೋಗುತ್ತೇನೆ, ನೀವೂ ಒಮ್ಮೆ ಬನ್ನಿ” ಎಂದಿದ್ದರು. ತಿಪಟೂರಿನಲ್ಲಿ ರೈಲು ಹತ್ತಿ, ಬೀರೂರಿನಲ್ಲಿ ಗಾಡಿ ಬದಲಿಸಿ ಶಿವಮೊಗ್ಗ, ಅಲ್ಲಿಂದ ಬಸ್ಸಿನಲ್ಲಿ ಸಾಗರ. ಅಲ್ಲಿ ರಾತ್ರಿ ತಂಗಿ, ಮರುದಿನ ಆವಿನಹಳ್ಳಿಯ ಮೇಲೆ ಹಾದು ಹೊಳೆಬಾಗಿಲು. ಕೈಚೀಲದಲ್ಲಿ ನಮ್ಮ ಅಟ್ಟದ ಮೇಲೆ ವರ್ಷ ಕಳೆದು ಗಿಟುಕಾದ ಹತ್ತು ಕೊಬ್ಬರಿ. ಅಡಿಕೆ ಸೀಮೆಯವರ ಮನೆಗೆ ತೆಂಗಿನ ಸೀಮೆಯವನು ಬರಿಗೈಯಲ್ಲಿ ಹೋಗಬಾರದಲ್ಲವೇ?

ನಮ್ಮ ಬಯಲುಸೀಮೆಯ ಮಕ್ಕಳಿಗೆ ದೋಣಿಯೆಂದರೆ ಮಳೆನೀರಿನ ಕಾಗದದ ದೋಣಿ. ನನಗೂ ಅಷ್ಟೇ. ಹೀಗಾಗಿ ಲಾಂಚ್ ಹತ್ತಿದಾಗ ನಲವತ್ತು ದಾಟಿದ್ದ ನಾನು ಹತ್ತು ವರ್ಷದ ಹುಡುಗನಾದೆ. ಹಾಲಿನ ಕ್ಯಾನು, ಅಕ್ಕಿಯ ಮೂಟೆ, ಸೈಕಲ್ಲು, ತೊಡೆಯ ಮೇಲೆ ಪುಸ್ತಕದ ಚೀಲವಿಟ್ಟುಕೊಂಡ ಹುಡುಗ ಇವುಗಳ ನಡುವೆ ನಿಂತು ನೋಡಿದರೆ ಸುತ್ತಲೂ ಹಸಿರು ಗುಡ್ಡ, ನೀಲಿ ನೀರು. ಅಲ್ಲಲ್ಲಿ ನೀರಿನಿಂದ ಮೇಲೆದ್ದ ಕರಿಯ ಮರದ ಬೊಡ್ಡೆಗಳು. ಅವು ಚಿತ್ರಕ್ಕೆ ಚೆನ್ನಾಗಿ ಒಪ್ಪುತ್ತವೆ ಎಂದುಕೊಂಡೆ. ಅವು ಯಾವ ಕಾಡಿನವು, ಯಾರ ಹಿತ್ತಿಲಿನವು ಎಂಬ ಪ್ರಶ್ನೆ ಚರಿತ್ರೆಯ ಮೇಷ್ಟರಿಗೆ ಹೊಳೆಯಲಿಲ್ಲ.

ಸಂಜೆಗೆ ಹಿಂದಿರುಗುವ ಯೋಚನೆಯಿತ್ತು. ಊಟ, ಹರಟೆ, ತೋಟ ಸುತ್ತುವುದು ಎಂದು ಹೊತ್ತು ಜಾರಿತು. ದಡಕ್ಕೆ ಬರುವಷ್ಟರಲ್ಲಿ ಕಡೆಯ ಲಾಂಚ್ ಹೊರಟು ನಡುನೀರಿನಲ್ಲಿತ್ತು. ಮರಳಿ ಅವರ ಮನೆಗೇ ಹೋದೆವು. ರಾತ್ರಿ ಬೆಳದಿಂಗಳು ಚೆಲ್ಲಿತ್ತು. ಜಗುಲಿಯಿಂದ ಹಿನ್ನೀರು ಬೆಳ್ಳಿಯ ತಗಡಿನಂತೆ ಕಾಣುತ್ತಿತ್ತು. ನಾನು ಉಬ್ಬಿ ನುಡಿದೆ: “ಲಾಂಚ್ ತಪ್ಪಿದ್ದೇ ಒಳ್ಳೆಯದಾಯಿತು. ನೀವೆಲ್ಲ ಸ್ವರ್ಗದಲ್ಲಿದ್ದೀರಿ!”

ಸಹೋದ್ಯೋಗಿಯ ಅಣ್ಣ ಎಲೆಗೆ ಸುಣ್ಣ ಸವರುತ್ತಿದ್ದವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ಮೇಷ್ಟ್ರೇ, ನೀವು ನಾಳೆ ಹೋಗುತ್ತೀರಿ. ನಮ್ಮ ತಾಯಿಗೆ ಎದೆನೋವು ಬಂದದ್ದೂ ಕಡೆಯ ಲಾಂಚ್ ಹೊರಟ ಮೇಲೆಯೇ.” ಮುಂದೇನಾಯಿತೆಂದು ಅವರು ಹೇಳಲಿಲ್ಲ. ಒಳಗಿನ ಗೋಡೆಯ ಮೇಲೆ ಹಾರ ಹಾಕಿದ ಪಟವನ್ನು ನಾನು ಮಧ್ಯಾಹ್ನವೇ ನೋಡಿದ್ದೆ.

ಮಾತು ಬದಲಾಯಿಸಲೆಂದು ಅವರೇ ಕೇಳಿದರು: “ನಿಮ್ಮ ತೆಂಗಿಗೆ ನೀರು ಹೇಗೆ?” ನಾನು ಅಭಿಮಾನದಿಂದಲೇ ಹೇಳತೊಡಗಿದೆ. ನೊಣವಿನಕೆರೆ ಕಡೆಯ ನಮ್ಮ ಹಳ್ಳಿಯಲ್ಲಿ ಮೊದಲು ಕಪಿಲೆ ಹೊಡೆಯುತ್ತಿದ್ದೆವು. 1968ರಲ್ಲಿ ತಂದೆಯವರು ಬಾವಿಗೆ ಪಂಪ್‌ಸೆಟ್ ಕೂಡಿಸಿದರು. ಗುಂಡಿ ಒತ್ತಿದರೆ ನೀರು, ಬರದಲ್ಲೂ ಗಿಡ ಒಣಗಲಿಲ್ಲ... ಹೇಳುತ್ತಾ ಹೇಳುತ್ತಾ ನನ್ನ ನಾಲಗೆ ತಡೆಯಿತು. ನಾವು ಕುಳಿತಿದ್ದದ್ದು ಲಾಟೀನಿನ ಬೆಳಕಿನಲ್ಲಿ. ಆ ಮನೆಗೆ ಆಗಿನ್ನೂ ವಿದ್ಯುತ್ತು ಬಂದಿರಲಿಲ್ಲ.

ತಂತಿಯಲ್ಲಿ ಹರಿಯುವ ವಿದ್ಯುತ್ತಿನ ಮೇಲೆ ಊರಿನ ಹೆಸರು ಬರೆದಿರುವುದಿಲ್ಲ. ಆದರೆ ಆ ದಶಕಗಳಲ್ಲಿ ರಾಜ್ಯದ ವಿದ್ಯುತ್ತಿನ ಬಹುಪಾಲು ಶರಾವತಿಯದೇ. ಕಣಿವೆಯ ವಿದ್ಯುದಾಗಾರದ ಹತ್ತು ಯಂತ್ರಗಳ ಒಟ್ಟು ಸಾಮರ್ಥ್ಯ 1035 ಮೆಗಾವಾಟ್. ಬೆಂಗಳೂರಿನ ಕಾರ್ಖಾನೆಗಳು ತಿರುಗಿದ್ದು ಅದರಿಂದ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟದ ಬಾವಿಗಳಲ್ಲಿ ನೀರು ಮೇಲೆದ್ದದ್ದೂ ಅದರ ಪಾಲಿನಿಂದ. ಕಲ್ಪವೃಕ್ಷದ ನಾಡಿನವರೆಂದು ನಾವು ಹೆಮ್ಮೆಪಡುತ್ತೇವೆ. ಕಲ್ಪವೃಕ್ಷವೂ ಬೇರೆಯವರು ಬಿಟ್ಟುಕೊಟ್ಟ ನೀರನ್ನು ಕುಡಿದೇ ಬೆಳೆಯಿತು ಎಂಬುದನ್ನು ಆ ರಾತ್ರಿ ಕಲಿತೆ. ನನ್ನ ಸಂಬಳದಿಂದ ಮಾತ್ರವಲ್ಲ, ಆ ತೋಟದ ಕೊಬ್ಬರಿಯಿಂದಲೂ ನನ್ನ ಮಕ್ಕಳು ಓದಿದರು. ಅವರ ಶುಲ್ಕದಲ್ಲಿ ತುಮರಿಯ ಕಡೆಯವರ ಋಣವೂ ಸೇರಿದೆ.

ಈ ಬಾಳನ್ನು ಒಳಗಿನಿಂದ ಕಂಡು ಬರೆದವರು ಸಾಗರದ ನಾ. ಡಿಸೋಜ. 2025ರ ಜನವರಿಯಲ್ಲಿ ಅವರು ತೀರಿಕೊಂಡರು. ಅವರ ‘ದ್ವೀಪ’ ಕಾದಂಬರಿಯನ್ನು ಗಿರೀಶ್ ಕಾಸರವಳ್ಳಿಯವರು ಚಲನಚಿತ್ರವಾಗಿಸಿದರು. ಅದಕ್ಕೆ 2001ರ ಸಾಲಿನ ಸ್ವರ್ಣಕಮಲ ದೊರೆಯಿತು. ನೋಡದವರು ನೋಡಿ.

ಮುಂದಿನ ವರ್ಷಗಳಲ್ಲಿ ಬಸ್ಸು ಕಾರುಗಳನ್ನೇ ಹೊರುವ ದೊಡ್ಡ ಲಾಂಚ್‌ಗಳು ಬಂದವು. ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ನಾಡಿನ ಎಲ್ಲೆಡೆಯಿಂದ ಜನ ಬರತೊಡಗಿದರು. ರಜಾದಿನಗಳಲ್ಲಿ ದಡದುದ್ದಕ್ಕೂ ಕಾರುಗಳ ಸಾಲು. ಯಾತ್ರಿಕರಿಗೆ ಲಾಂಚ್ ಪ್ರಯಾಣವೇ ಅರ್ಧ ಪುಣ್ಯ, ಅರ್ಧ ವಿನೋದ. ಊರಿನವರು ಮಾತ್ರ ಅದೇ ಸಾಲಿನ ಬಾಲದಲ್ಲಿ ನಿಂತು ಆಸ್ಪತ್ರೆಗೋ ಕಚೇರಿಗೋ ಹೋಗಬೇಕು. ಬೇಸಿಗೆಯಲ್ಲಿ ನೀರಿಳಿದರೆ ವಾಹನ ಸಾಗಿಸುವುದು ನಿಲ್ಲುತ್ತಿತ್ತು. ಹೀಗೆ ದಶಕಗಳೇ ಉರುಳಿದವು. 2018ರಲ್ಲಿ ಸೇತುವೆಗೆ ಶಂಕುಸ್ಥಾಪನೆಯಾಯಿತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ತೆರೆಯಿತು. ಉದ್ದ ಸುಮಾರು 2.4 ಕಿಲೋಮೀಟರ್, ನಡುಭಾಗ ಕಂಬಗಳಿಂದ ಇಳಿಬಿಟ್ಟ ಕೇಬಲ್‌ಗಳ ಮೇಲೆ ನಿಂತಿದೆ. ಅಣೆಕಟ್ಟು ಮುಗಿದದ್ದು 1964ರಲ್ಲಿ, ಸೇತುವೆ ಮುಗಿದದ್ದು 2025ರಲ್ಲಿ. ಕಳೆಯುವ ಲೆಕ್ಕ ನಿಮಗೆ ಬರುತ್ತದೆ.

ಆ ದಿನಗಳಲ್ಲಿ ಪರಿಚಿತರೊಬ್ಬರು “ಛೆ, ಇನ್ನು ಲಾಂಚಿನ ಮಜಾ ಇಲ್ಲ” ಎಂದು ಪೇಚಾಡಿದರು. ಅವರನ್ನು ದೂರಲಾರೆ, 1986ರಲ್ಲಿ ನಾನೂ ಅವರಂತೆಯೇ ಇದ್ದೆ. ಗ್ರೀಸಿನಲ್ಲೂ ಎರಡು ಬಗೆಯ ಹಡಗುಗಳಿವೆಯಂತೆ. ಪ್ರವಾಸಿಗರು ಮುಗಿಬೀಳುವ ದ್ವೀಪಗಳಿಗೆ ಹಡಗುಗಳು ಪೈಪೋಟಿಯಿಂದ ಓಡುತ್ತವೆ. ಲಾಭವಿಲ್ಲದ ಸಣ್ಣ ದ್ವೀಪಗಳಿಗೆ ಹೋಗುವ ಮಾರ್ಗಕ್ಕೆ ಗ್ರೀಕರ ಮಾತಿನಲ್ಲಿ ‘ಬಂಜರು ಮಾರ್ಗ’ ಎಂದೇ ಹೆಸರು. ಅದನ್ನು ಸರ್ಕಾರ ಸಹಾಯಧನ ಕೊಟ್ಟು ನಡೆಸುತ್ತದೆ. ಏಕೆಂದರೆ ಅಲ್ಲಿನ ಮುದುಕಿಗೂ ವೈದ್ಯರು ಬೇಕು, ಹುಡುಗನಿಗೂ ಶಾಲೆ ಬೇಕು. ದಾಟುವ ನೀರು ಒಂದೇ; ಬಂದು ಹೋಗುವವನಿಗೆ ಅದು ನೋಟ, ಇರುವವನಿಗೆ ಅದು ಬೇಲಿ. ಯಾವ ಊರಿನ ಚರಿತ್ರೆಯನ್ನು ಓದುವಾಗಲೂ ಅದನ್ನು ಬರೆದವನು ಮರುದಿನ ಹೊರಟುಹೋದವನೇ, ಅಲ್ಲೇ ಉಳಿದವನೇ ಎಂದು ಕೇಳಿಕೊಳ್ಳಿ. ಮೂವತ್ತು ವರ್ಷ ಪಾಠ ಹೇಳಿದ ಮೇಲೆ ನನಗೆ ಉಳಿದಿರುವ ಪಾಠ ಇಷ್ಟೇ.

ಸೇತುವೆ ತೆರೆದ ವಾರ ನನ್ನ ಹಳೆಯ ಸಹೋದ್ಯೋಗಿಗೆ ದೂರವಾಣಿ ಮಾಡಿದೆ. ಅವರ ಅಣ್ಣನಿಗೆ ಈಗ ತೊಂಬತ್ತರ ಹತ್ತಿರ. ಸೇತುವೆಯ ಮೇಲೆ ಕಾರಿನಲ್ಲಿ ಕರೆದೊಯ್ದರಂತೆ. ನಡುವೆ ನಿಲ್ಲಿಸಿ ಕೆಳಗೆ ನೋಡಿ, “ನಮ್ಮ ಹಳೆಯ ಗದ್ದೆ ಇಲ್ಲೇ ಎಲ್ಲೋ ಇರಬೇಕು” ಎಂದರಂತೆ.

ಈ ಸಲ ಅಟ್ಟದಿಂದ ಕೊಬ್ಬರಿ ಇಳಿಸಿದಾಗ ಹತ್ತನ್ನು ಬೇರೆ ತೆಗೆದಿಟ್ಟಿದ್ದೇನೆ. ಮೊಮ್ಮಗ ಕಾರಿನಲ್ಲಿ ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿದ್ದಾನೆ. ನಿಮ್ಮಲ್ಲಿ ಯಾರಾದರೂ ಆ ಕಡೆ ಹೋದರೆ ನೀರಿನ ಚೆಲುವನ್ನು ಧಾರಾಳವಾಗಿ ನೋಡಿ, ಸಂತೋಷಪಡಿ. ಆದರೆ ಒಂದು ಕ್ಷಣ ನಿಮ್ಮ ತೋಟದ ಪಂಪ್‌ಸೆಟ್ಟನ್ನೂ ನೆನೆಯಿರಿ.