ಎರಡು ನವಿಲು, ಒಂದು ಜಿಂಕೆ

ಮಾಂಸ ತಿನ್ನುವುದನ್ನು ಬಿಟ್ಟವರು ತಮ್ಮ ಅನುಭವ ಹೇಳುವುದನ್ನು ನಾವೆಲ್ಲ ಕೇಳಿಯೇ ಇರುತ್ತೇವೆ. ಯಾವಾಗ ಬಿಟ್ಟೆ, ಯಾಕೆ ಬಿಟ್ಟೆ, ಮನೆಯವರು ಏನಂದರು, ನಾಲಿಗೆ ಎಷ್ಟು ದಿನ ಕಾಡಿತು ಎಂದು ಹೇಳುತ್ತಾರೆ. ನಮ್ಮ ದೇಶದಲ್ಲಿ ಇಂಥ ಅನುಭವವನ್ನು ಬರೆದಿಟ್ಟವರಲ್ಲಿ ಬಹಳ ಹಳಬನೊಬ್ಬ ಚಕ್ರವರ್ತಿ ಇದ್ದಾನೆ. ಅವನು ಬರೆಸಿದ್ದು ಬಂಡೆಯ ಮೇಲೆ. ಅಂಥ ಬಂಡೆಗಳಲ್ಲಿ ಒಂದು ನಮ್ಮ ಕರ್ನೂಲು ಜಿಲ್ಲೆಯಲ್ಲೇ ಇದೆ. ಅದನ್ನು ನೋಡಿ ಬಂದ ಮೇಲೆ ನಮ್ಮ ಮನೆಯಲ್ಲಿ ಏನಾಯಿತು, ನಮ್ಮಿಂದ ಎಂಥ ತಪ್ಪಾಯಿತು ಎಂಬುದನ್ನು ಹೇಳುವುದಕ್ಕೇ ಈ ಬರಹ. ಇಲ್ಲಿ ‘ನಾವು’ ಎಂದರೆ ಮೇಷ್ಟ್ರು ಮತ್ತು ಮೇಷ್ಟ್ರ ಮನೆಯವರು, ಇಬ್ಬರೂ.

ನಮ್ಮದು ಆದೋನಿ ಸೀಮೆ. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಇದು ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಹೋಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಬಂದವು. ಹೊಳಗುಂದ, ಹಾಲಹರ್ವಿ, ಕೌತಾಳಂ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಮನೆಯ ಮಾತು ಕನ್ನಡ. ಅಂಥದೊಂದು ಹಳ್ಳಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ನಾವು ಪಾಠ ಮಾಡುತ್ತೇವೆ.

2012ರಲ್ಲಿ ಏಳನೇ ತರಗತಿಯ ಮಕ್ಕಳನ್ನು ಎರ್ರಗುಡಿಗೆ ಕರೆದುಕೊಂಡು ಹೋದೆವು. ಆದೋನಿಯಲ್ಲಿ ರೈಲು ಹತ್ತಿ, ಗುಂತಕಲ್ಲು ದಾಟಿ, ಗುತ್ತಿಯಲ್ಲಿ ಇಳಿದು, ಅಲ್ಲಿಂದ ಪತ್ತಿಕೊಂಡದ ರಸ್ತೆ ಹಿಡಿದರೆ ಆ ಊರು ಸಿಗುತ್ತದೆ. ಕುರುಚಲು ಗುಡ್ಡ, ಕಪ್ಪು ಬಂಡೆ, ಬಿಸಿಲು. 1929ರಲ್ಲಿ ಭೂವಿಜ್ಞಾನಿ ಅನು ಘೋಷ್ ಅವರು ಇಲ್ಲಿಯ ಬರಹವನ್ನು ಬೆಳಕಿಗೆ ತಂದರು. ಅಶೋಕನ 14 ದೊಡ್ಡ ಬಂಡೆ ಶಾಸನಗಳೂ ಕಿರು ಶಾಸನಗಳೂ ಒಂದೇ ಕಡೆ ಸಿಗುವ ಸ್ಥಳ ದಕ್ಷಿಣದಲ್ಲಿ ಇದೊಂದೇ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕಿರು ಶಾಸನದಲ್ಲಿ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ ಓಡುತ್ತವೆ. ಇದನ್ನು ಹೇಳಿದ ಕೂಡಲೇ ನಮ್ಮ ಒಬ್ಬ ಹುಡುಗ, “ಎತ್ತು ಹೊಲದ ತುದಿಗೆ ಹೋಗಿ ಹೊಳ್ಳಿ ಬಂದಂಗ ಸಾರ್” ಎಂದ. ವಿದ್ವಾಂಸರು ಕೊಡುವ ಹೋಲಿಕೆಯೂ ಅದೇ! ರೈತರ ಮಕ್ಕಳಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಮೊದಲನೆಯ ದೊಡ್ಡ ಶಾಸನದ ಸಾರ ಹೀಗಿದೆ. ಇಲ್ಲಿ ಯಾವ ಜೀವವನ್ನೂ ಕೊಂದು ಬಲಿ ಕೊಡಬಾರದು ಎಂದು ಆರಂಭವಾಗುತ್ತದೆ. ಆಮೇಲೆ ರಾಜ ತನ್ನ ಅಡುಗೆಮನೆಯ ಲೆಕ್ಕ ಕೊಡುತ್ತಾನೆ. ಹಿಂದೆ ಸಾರಿಗಾಗಿ ದಿನವೂ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರಂತೆ. ಈ ಶಾಸನ ಬರೆಸುವ ಹೊತ್ತಿಗೆ ಕೊಲ್ಲುತ್ತಿರುವುದು ಮೂರನ್ನು ಮಾತ್ರ: ಎರಡು ನವಿಲು, ಒಂದು ಜಿಂಕೆ. ಜಿಂಕೆಯೂ ದಿನಾ ಇಲ್ಲ. ಮುಂದೆ ಈ ಮೂರನ್ನೂ ಕೊಲ್ಲುವುದಿಲ್ಲ.

‘ಲಕ್ಷ’ ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಬೇಕಾಗಿಲ್ಲ, ಅದು ಬಹಳ ಎಂದು ಹೇಳುವ ರೀತಿ. ಆದರೆ ಆ ಮೂರರ ಲೆಕ್ಕ ನೋಡಿ! ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನ ಸೆರೆಯಾಗಿ ಹೋದರು ಎಂದು ತನ್ನ ಬಾಯಿಂದಲೇ ಒಪ್ಪಿಕೊಂಡ ದೊರೆ ಇವನು. ಕ್ರಿಸ್ತಪೂರ್ವ 268ರ ಸುಮಾರಿಗೆ ಪಟ್ಟಕ್ಕೆ ಬಂದು ಬಹುಪಾಲು ಭರತಖಂಡವನ್ನು ಆಳಿದವನು. ಅವನಿಗೆ ‘ನಾನು ಪೂರ್ತಿ ಬಿಟ್ಟೆ’ ಎಂದು ಬರೆಸುವುದಕ್ಕೆ ಯಾರ ಅಡ್ಡಿ ಇತ್ತು? ಬಾಣಸಿಗ ಬಂದು ಎದುರು ಸಾಕ್ಷಿ ಹೇಳುತ್ತಿದ್ದನೇ? ಆದರೂ ಇನ್ನೂ ಮೂರು ಉಳಿದಿವೆ ಎಂದೇ ಬರೆಸಿದ.

ಇದೇ ರೀತಿಯ ಇನ್ನೊಂದು ಮಾತು ಕಿರು ಶಾಸನದಲ್ಲಿದೆ. ತಾನು ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಮೊದಲ ಒಂದು ವರ್ಷ ಹೆಚ್ಚು ಶ್ರಮ ಪಡಲಿಲ್ಲ, ಸಂಘದ ಸಹವಾಸಕ್ಕೆ ಬಂದ ಮೇಲೆ ಶ್ರಮಪಟ್ಟೆ ಎನ್ನುತ್ತಾನೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಇದು ಸಾಧ್ಯ ಎಂದೂ ಹೇಳುತ್ತಾನೆ. ಈ ಕಿರು ಶಾಸನದ ಪ್ರತಿಗಳು ಕರ್ನಾಟಕದಲ್ಲಿ ಮಸ್ಕಿಯಲ್ಲೂ ಬ್ರಹ್ಮಗಿರಿಯಲ್ಲೂ ಇವೆ. ನಮ್ಮ ಗಡಿ ದಾಟಿದರೆ ಸಿಗುವ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉದೇಗೊಳದಲ್ಲೂ ಇವೆ.

ಅಂದು ಬಂಡೆಯ ಮುಂದೆ ಒಬ್ಬ ಹುಡುಗಿ, “ಸಾರ್, ಎಲ್ಲಾ ಬಿಟ್ಟ ಮ್ಯಾಲೆ ನವಿಲು ಯಾಕ ಬಿಡ್ಲಿಲ್ಲ?” ಎಂದು ಕೇಳಿದಳು. “ಅದು ಅವನಿಗೆ ಕಷ್ಟವಾಗಿತ್ತೇನೋ ತಾಯಿ” ಎಂದೆವು. ರಾತ್ರಿ ಮನೆಗೆ ಬಂದ ಮೇಲೂ ಆ ಪ್ರಶ್ನೆ ಹೋಗಲಿಲ್ಲ. ನಮ್ಮದು ಭಾನುವಾರವಾದರೆ ಮಸಾಲೆ ಅರೆಯುವ ಮನೆ. ಕುರಿ ಕೊಯ್ಯುವುದನ್ನು ನೋಡಿ ಮುಖ ತಿರುಗಿಸುವುದು, ಮಧ್ಯಾಹ್ನ ತಟ್ಟೆಯ ಮುಂದೆ ಕೂರುವುದು, ಎರಡೂ ನಮ್ಮಲ್ಲಿ ಇತ್ತು. ಅಶೋಕನಂತೆ ನಾವೂ ಲೆಕ್ಕ ಹಾಕಿಬಿಡೋಣ ಎಂದುಕೊಂಡೆವು.

ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆವು. ಭಾನುವಾರದ ಅಡುಗೆ ಬಂದ್. ಉಳಿಸಿಕೊಂಡದ್ದು ಮೂರು. ಊರಮ್ಮನ ಜಾತ್ರೆಯ ಊಟ ಒಂದು ನವಿಲು, ತವರಿನ ಕಡೆಯ ಮದುವೆ ಮುಂಜಿಗಳ ಮಾರನೇ ದಿನದ ಊಟ ಇನ್ನೊಂದು ನವಿಲು, ಮೊಟ್ಟೆ ನಮ್ಮ ಜಿಂಕೆ. ನಗಬೇಡಿ! ಈ ಲೆಕ್ಕ ನಮಗೆ ಬಹಳ ಉಪಕಾರ ಮಾಡಿತು. ಒಮ್ಮೆಲೇ ಬಿಡುತ್ತೇವೆಂದು ಶ್ರಾವಣದಲ್ಲಿ ಎರಡು ಸಲ ಶಪಥ ಮಾಡಿ, ಶ್ರಾವಣ ಮುಗಿದ ವಾರವೇ ಮುರಿದವರು ನಾವು.

ಅಡುಗೆಯ ಕಷ್ಟ ಹೆಚ್ಚಿರಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಹೆಸರುಕಾಳು, ಗಟ್ಟಿ ಮೊಸರು ಇದ್ದರೆ ಈ ಸೀಮೆಯಲ್ಲಿ ಯಾರೂ ಉಪವಾಸ ಬೀಳುವುದಿಲ್ಲ. ಮೊದಲ ಎರಡು ತಿಂಗಳು ಊಟ ಮುಗಿದರೂ ಮುಗಿದಂತೆ ಅನಿಸುತ್ತಿರಲಿಲ್ಲ, ಅಷ್ಟೇ. ಕಷ್ಟವಾದದ್ದು ಜಾತ್ರೆಯಲ್ಲಿ. ಅಮ್ಮ ಎಂದಿನಂತೆ ಬಡಿಸಲು ಬಂದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದೆವು. ಅವಳು ಏನೂ ಅನ್ನಲಿಲ್ಲ. ಅಂದು ರಾತ್ರಿ ತಾನೂ ಉಣ್ಣಲಿಲ್ಲ. “ದೇವಿ ಪ್ರಸಾದ ಬ್ಯಾಡ ಅಂದ್ರ ನಾ ಬ್ಯಾಡ ಅಂದಂಗ” ಎಂದು ಮಾರನೇ ದಿನ ಅತ್ತಳು. ಸಂಬಂಧಿಕರು “ಏನ್ ಮೇಷ್ಟ್ರೇ, ಐನೋರಾದ್ರಾ?” ಎಂದು ಕಿಚಾಯಿಸಿದರು. ನಮ್ಮ ಕಡೆ ಮಾಂಸ ಬಿಡುವುದು ಬರೀ ಊಟದ ವಿಷಯವಲ್ಲ. ತಿನ್ನದವರು ಮೇಲೆ, ತಿನ್ನುವವರು ಕೆಳಗೆ ಎಂಬ ಲೆಕ್ಕ ಅದರ ಹಿಂದೆ ಇದ್ದೇ ಇರುತ್ತದೆ. ಅಮ್ಮನಿಗೆ ನೋವಾದದ್ದು ಅದಕ್ಕೇ. ಮಗ ತನ್ನನ್ನು ಕೆಳಗೆ ಬಿಟ್ಟು ಹೋದ ಎಂದು ಅವಳಿಗೆ ಅನಿಸಿತು.

2015ರ ಹೊತ್ತಿಗೆ ನಮ್ಮ ಮೂರೂ ಖಾಲಿಯಾದವು. ಈಗ ತಪ್ಪಿನ ವಿಷಯ ಹೇಳಬೇಕು.

2008ರಲ್ಲಿ ಪಟ್ಟಣದಲ್ಲಿ ಬಾಡಿಗೆ ಮನೆ ಹುಡುಕಿಕೊಂಡು ಹೋದಾಗ ಒಬ್ಬ ಮಾಲೀಕರು ಬಾಗಿಲಲ್ಲೇ ನಿಲ್ಲಿಸಿ, “ತಿಂತೀರೇನು?” ಎಂದು ಕೇಳಿದ್ದರು. ಹೌದೆಂದೆವು. ಮನೆ ಸಿಗಲಿಲ್ಲ. ಆ ಅವಮಾನ ಏಳು ವರ್ಷ ನಮ್ಮೊಳಗೇ ಇತ್ತು. ಬಿಟ್ಟ ಮೇಲೆ ಯಾರಾದರೂ ಕೇಳಿದರೆ “ಇಲ್ಲ, ನಾವು ತಿನ್ನೋದಿಲ್ಲ” ಎನ್ನುವಾಗ ಎದೆ ಸ್ವಲ್ಪ ಉಬ್ಬುತ್ತಿತ್ತು. ಆ ಉಬ್ಬಿದ ಎದೆಯಿಂದಲೇ ತರಗತಿಗೆ ಹೋದೆವು. ಅಶೋಕನ ಪಾಠ ಬಂದಾಗಲೆಲ್ಲ ‘ಜೀವ ಕೊಲ್ಲಬಾರದು’ ಎಂಬ ಮೊದಲ ವಾಕ್ಯವನ್ನೇ ದೊಡ್ಡ ದನಿಯಲ್ಲಿ ಹೇಳಿದೆವು. ತಿನ್ನುವುದು ಪಾಪ ಎಂದೆವು. ಅಡುಗೆಮನೆಯ ಲೆಕ್ಕ, ಉಳಿದ ಮೂರರ ಮಾತು ನಮ್ಮ ಪಾಠದಿಂದ ಬಿದ್ದುಹೋಗಿತ್ತು.

ನಮ್ಮ ರಾಜ್ಯದ ಶಾಲೆಗಳಲ್ಲಿ ಮಧ್ಯಾಹ್ನದ ಊಟದ ಜೊತೆ ಮೊಟ್ಟೆ ಕೊಡುತ್ತಾರೆ. 2016ರಲ್ಲಿ, ಸುಗ್ಗಿಗೆ ವಲಸೆ ಹೋಗುವ ಸಮಯ, ನಾಲ್ಕನೇ ತರಗತಿಯ ಒಬ್ಬ ಹುಡುಗನ ತಾಯಿ ಶಾಲೆಯ ಗೇಟಿನ ಹತ್ತಿರ ನಿಂತಿದ್ದಳು. ಒಳಗೆ ಬಾ ತಾಯಿ ಎಂದರೂ ಬರಲಿಲ್ಲ. “ಸಾರ್, ನೀವು ಏನ್ ಪಾಠ ಹೇಳೀರೋ ನಮಗ ಗೊತ್ತಿಲ್ಲ. ಹುಡ್ಗ ತತ್ತಿ ಮುಟ್ಟವಲ್ಲ. ಪಾಪ ಬರ್ತೈತಿ ಅಂತಾನ. ನಾವು ನಾಳೆ ಮೆಣಸಿನಕಾಯಿ ಹರಿಯಾಕ ಗುಂಟೂರ ಕಡಿ ಹೊಂಟೀವಿ. ಮುದುಕಿ ಹತ್ರ ಬಿಟ್ಟು ಹೋಗ್ತೀವಿ. ಆಕಿ ಗಂಜಿ ಕಾಸಿದ್ರ ದೊಡ್ಡದು. ಸಾಲ್ಯಾಗಿನ ತತ್ತೀನೇ ಸಾರ್ ಅವನಿಗೆ ಆಸ್ರ” ಎಂದಳು.

ಹುಡುಗನ ಮೊಣಕೈ ಎಲುಬು ಅಂಗಿಯ ತೋಳಿನಿಂದ ಎದ್ದು ಕಾಣುತ್ತಿತ್ತು. ಅದನ್ನು ದಿನವೂ ನೋಡುತ್ತಿದ್ದೆವು. ನೋಡಿಯೂ ಪಾಪದ ಪಾಠ ಮಾಡಿದ್ದೆವು. ನಮಗೆ ಬೆಳಿಗ್ಗೆ ಹಾಲು, ಮಧ್ಯಾಹ್ನ ಮೊಸರು, ತಿಂಗಳಿಗೆ ಸಂಬಳ ಇದೆ. ಒಂದನ್ನು ಬಿಟ್ಟರೆ ತಟ್ಟೆಗೆ ಬೇರೆ ನಾಲ್ಕು ಬರುತ್ತವೆ. ಅವನ ತಟ್ಟೆಯಿಂದ ಮೊಟ್ಟೆ ತೆಗೆದರೆ ಆ ಜಾಗ ಖಾಲಿಯೇ ಉಳಿಯುತ್ತದೆ. ನಮ್ಮನ್ನು ಬಾಗಿಲಲ್ಲಿ ನಿಲ್ಲಿಸಿದ ಮಾಲೀಕರಿಗೂ ನಮಗೂ ಏನು ವ್ಯತ್ಯಾಸ ಉಳಿಯಿತು?

ಅಂದು ರಾತ್ರಿ ಅಶೋಕನ ಶಾಸನಗಳ ಪುಸ್ತಕವನ್ನು ಮತ್ತೆ ತೆಗೆದೆವು. ಬಂಡೆ ಶಾಸನದ ನಂತರವೂ ಅವನು ಈ ವಿಷಯ ಬಿಟ್ಟಿರಲಿಲ್ಲ. ಪಟ್ಟಕ್ಕೆ ಬಂದು 26 ವರ್ಷವಾದ ಮೇಲೆ ಬರೆಸಿದ ಐದನೆಯ ಸ್ತಂಭ ಶಾಸನದಲ್ಲಿ ಗಿಳಿ, ಮೈನಾ, ಬಾವಲಿ, ಅಳಿಲು ಮೊದಲಾದ ಜೀವಿಗಳನ್ನು ಕೊಲ್ಲಬಾರದೆಂದು ಪಟ್ಟಿಯನ್ನೇ ಕೊಟ್ಟಿದ್ದಾನೆ. ಗಬ್ಬವಾದ, ಹಾಲೂಡುವ ಆಡು ಕುರಿಗಳನ್ನೂ ಆರು ತಿಂಗಳೊಳಗಿನ ಮರಿಗಳನ್ನೂ ಕೊಲ್ಲಬಾರದು, ಕೆಲವು ದಿನಗಳಲ್ಲಿ ಮೀನು ಹಿಡಿಯಬಾರದು ಎಂದಿದ್ದಾನೆ. ಪ್ರಜೆಗಳು ಮಾಂಸ ತಿನ್ನಲೇಬಾರದು ಎಂದು ಮಾತ್ರ ಅಲ್ಲಿಯೂ ಹೇಳಿಲ್ಲ.

ಅದರ ಮರುವರ್ಷದ ಏಳನೆಯ ಸ್ತಂಭ ಶಾಸನ ಇನ್ನೂ ಮುಖ್ಯ. ಅದಿರುವುದು 14ನೆಯ ಶತಮಾನದಲ್ಲಿ ಫಿರೋಜ್ ಶಾ ತುಘಲಕ್ ತೋಪ್ರಾದಿಂದ ದೆಹಲಿಗೆ ತರಿಸಿ ನಿಲ್ಲಿಸಿದ ಕಂಬದ ಮೇಲೆ. ಜನರಲ್ಲಿ ಧರ್ಮ ಬೆಳೆದದ್ದು ಎರಡು ದಾರಿಯಿಂದ, ಒಂದು ನಿಯಮ, ಇನ್ನೊಂದು ಮನವರಿಕೆ ಎನ್ನುತ್ತಾನೆ ಅಶೋಕ. ಇಂಥಿಂಥ ಪ್ರಾಣಿಗಳನ್ನು ಕೊಲ್ಲಬಾರದೆಂದು ತಾನು ಮಾಡಿದ ಕಟ್ಟಳೆಯನ್ನೇ ನಿಯಮಕ್ಕೆ ಉದಾಹರಣೆ ಕೊಟ್ಟು, ಅದರಿಂದ ಆದದ್ದು ಸ್ವಲ್ಪ, ಮನವರಿಕೆಯಿಂದ ಆದದ್ದೇ ಹೆಚ್ಚು ಎಂದು ಬರೆಸಿದ್ದಾನೆ. ತನ್ನ ಆಜ್ಞೆ ಅಷ್ಟಾಗಿ ನಡೆಯಲಿಲ್ಲವೆಂದು ಚಕ್ರವರ್ತಿಯೊಬ್ಬ ಕಂಬದ ಮೇಲೆ ಕೆತ್ತಿಸುವುದು ಸಣ್ಣ ಮಾತಲ್ಲ.

ಮನವರಿಕೆ ಹೇಗಿರುತ್ತದೆ ಎಂಬುದಕ್ಕೆ 1958ರಲ್ಲಿ ಅಫ್ಘಾನಿಸ್ತಾನದ ಕಂದಹಾರದಲ್ಲಿ ಬೆಳಕಿಗೆ ಬಂದ ಅವನ ಶಾಸನ ನೋಡಬೇಕು. ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳಲ್ಲಿರುವ ಆ ಬರಹ, ರಾಜನೇ ಜೀವಹಿಂಸೆಯಿಂದ ದೂರವಾದ, ಅವನ ಬೇಟೆಗಾರರೂ ಮೀನುಗಾರರೂ ನಿಲ್ಲಿಸಿದರು ಎನ್ನುತ್ತದೆ. ಮೊದಲು ಅರಮನೆಯ ಒಲೆ, ಆಮೇಲೆ ಉಳಿದವರು.

ಗಾಂಧೀಜಿಯವರ ಆತ್ಮಕಥೆಯಲ್ಲೂ ಇಂಥದೇ ಒಂದು ಪ್ರಸಂಗವಿದೆ. 1888ರಲ್ಲಿ ತಾಯಿಗೆ ಮಾತು ಕೊಟ್ಟು ಲಂಡನ್ನಿಗೆ ಹೋದರು. ಹೆನ್ರಿ ಸಾಲ್ಟ್ ಬರೆದ ಪುಸ್ತಕವನ್ನು ಅಲ್ಲಿ ಓದಿದ ಮೇಲೆ, ಕೊಟ್ಟ ಮಾತಿಗಾಗಿ ಪಾಲಿಸುತ್ತಿದ್ದ ಸಸ್ಯಾಹಾರ ಸ್ವಂತ ನಿರ್ಧಾರವಾಯಿತು. ಮಾಂಸ ಎಂದರೆ ಮೊಟ್ಟೆಯೂ ಸೇರುತ್ತದೆಯೇ ಎಂಬ ಚರ್ಚೆ ಅಲ್ಲಿ ಎದ್ದಾಗ ಕೆಲವು ದಿನ ಮೊಟ್ಟೆ ತಿಂದರು. ಆಮೇಲೆ ತಾಯಿ ಮಾಂಸ ಎಂದಾಗ ಅವಳ ಮನಸ್ಸಿನಲ್ಲಿ ಮೊಟ್ಟೆಯೂ ಇತ್ತಲ್ಲವೇ ಎಂದು ಬಿಟ್ಟರು. ಮುಂದೆ 1912ರಲ್ಲಿ ಹಾಲನ್ನೂ ಬಿಟ್ಟರು. ಕಾಯಿಲೆ ಬಿದ್ದು 1919ರಲ್ಲಿ ಆಡಿನ ಹಾಲು ಕುಡಿಯಬೇಕಾಗಿ ಬಂದಾಗ ಅದನ್ನು ಮುಚ್ಚಿಡಲಿಲ್ಲ. ಬದುಕುವ ಆಸೆಗೆ ಸೋತೆ ಎಂಬರ್ಥದಲ್ಲಿ ತಾವೇ ಬರೆದುಕೊಂಡರು. ಅದು ಅವರ ನವಿಲು ಎನ್ನಬಹುದು.

ಮಾರನೇ ದಿನ ಊಟದ ಹೊತ್ತಿಗೆ ಆ ಹುಡುಗನ ಪಕ್ಕದಲ್ಲಿ ನೆಲದ ಮೇಲೆ ಕೂತೆವು. “ಅಶೋಕ ಬಿಟ್ಟದ್ದು ಯಾರ ಊಟ?” ಎಂದು ಕೇಳಿದೆವು. ಸ್ವಲ್ಪ ಯೋಚಿಸಿ, “ಅವನದೇ” ಎಂದ. “ನಮ್ಮ ಮಾತಿನಲ್ಲಿ ತಪ್ಪಿತ್ತಪ್ಪ. ನೀನು ದೊಡ್ಡವನಾಗಿ, ನಿನ್ನ ದುಡಿಮೆಯಲ್ಲಿ ಉಣ್ಣುವಾಗ, ಬೇಕಾದರೆ ಯೋಚನೆ ಮಾಡು. ಈಗ ತಿನ್ನು” ಎಂದು ಮೊಟ್ಟೆ ಸುಲಿದು ಅವನ ಅನ್ನದ ಮೇಲೆ ಇಟ್ಟೆವು. ಅವನು ನಮ್ಮ ಮುಖವನ್ನು ಒಂದು ಸಲ ನೋಡಿ ತಿಂದ. ಎರಡನೆಯದು ಇದೆಯಾ ಎಂದೂ ಕೇಳಿದ!

ನಾವು ಇಂದಿಗೂ ತಿನ್ನುವುದಿಲ್ಲ. ಬಿಟ್ಟದ್ದಕ್ಕೆ ಬೇಸರವೂ ಇಲ್ಲ. ಜಾತ್ರೆಗೆ ಹೋದಾಗ ಅಮ್ಮ ನಮಗೆಂದು ಬದನೆಕಾಯಿ ಎಣ್ಣೆಗಾಯಿ ಬೇರೆ ಮಾಡಿಡುತ್ತಾಳೆ, ನಾವು ಅವಳ ಪಕ್ಕದಲ್ಲೇ ಕೂತು ಉಣ್ಣುತ್ತೇವೆ. ಶಾಲೆಯಲ್ಲಿ ಮೊಟ್ಟೆಯ ದಿನ ಬಡಿಸುವವರ ಜೊತೆ ಸಾಲಿನಲ್ಲಿ ನಾವೂ ನಿಲ್ಲುತ್ತೇವೆ. ಮೂರನೇ ಕ್ಲಾಸಿನವರೆಗಿನ ಮಕ್ಕಳಿಗೆ ಸುಲಿದೇ ಕೊಡಬೇಕು, ಇಲ್ಲವಾದರೆ ಅರ್ಧ ಸಿಪ್ಪೆಯ ಜೊತೆ ಹೋಗುತ್ತದೆ.

ಎರ್ರಗುಡಿಗೆ ಮಕ್ಕಳನ್ನು ಈಗಲೂ ಕರೆದೊಯ್ಯುತ್ತೇವೆ. ಬಂಡೆಯ ಮುಂದೆ ನಿಲ್ಲಿಸಿ ಮೊದಲನೆಯ ಶಾಸನವನ್ನು ಕೊನೆಯವರೆಗೂ ಹೇಳುತ್ತೇವೆ, ಎರಡು ನವಿಲನ್ನೂ ಜಿಂಕೆಯನ್ನೂ ಬಿಡುವುದಿಲ್ಲ. ಆಮೇಲೆ ದೆಹಲಿಯ ಕಂಬದ ಮಾತನ್ನೂ ಸೇರಿಸುತ್ತೇವೆ. ನೀವೂ ಆ ಕಡೆ ಹೋದರೆ ಬೆಳಿಗ್ಗೆ ಬೇಗ ಹೋಗಿ, ಎಳೆ ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರಗಳು ಚೆನ್ನಾಗಿ ಕಾಣುತ್ತವೆ. ನೀರು ತೆಗೆದುಕೊಂಡು ಹೋಗುವುದನ್ನು ಮರೆಯಬೇಡಿ.