ಆಯಿ ಟ್ರಂಕಿನ್ಯಾಗಿನ ತಾರ

ಮೊನ್ನೆ ದೀಪಾವಳಿಗೆ ಮನಿ ಸ್ವಚ್ಛ ಮಾಡುವಾಗ ನಮ್ಮ ಆಯಿಯ ಹಳೇ ಟ್ರಂಕ್ ತೆಗೆದ್ವಿ. ತಳದಾಗ, ಇಳಕಲ್ ಸೀರಿ ಮಡಿಕ್ಯಾಗ, ಒಂದು ತಾರಿನ ಕಾಗದ ಇತ್ತು. ಸೊಸಿ ಕೇಳಿದ್ಲು, "ಅತ್ತಿ, ಇದೇನ್ರಿ?" ತಾರ ಅಂದ್ರ ಏನಂತ ಅಕಿಗೆ ಗೊತ್ತಿಲ್ಲ. ಅದಕ್ಕ ಇದನ್ನ ಬರದೀನಿ.

ತಾರ ಬರೋಕಿಂತ ಮೊದಲ ಸುದ್ದಿ ಹೋಗೋದು ಕುದುರಿ ಮ್ಯಾಲೆ, ಇಲ್ಲಾ ಟಪಾಲಿನವನ ಕಾಲ ಮ್ಯಾಲೆ. 1824ರ ಅಕ್ಟೋಬರ್ 23ಕ್ಕ ಕಿತ್ತೂರಿನ್ಯಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಾಗ, ಆ ಸುದ್ದಿನೂ ಹಿಂಗ ಹೋಗಿದ್ದು. ಇಂಗ್ಲಿಷರು ದೊಡ್ಡ ದಂಡು ಕೂಡಿಸಿ ಕೋಟಿ ಹಿಡಿಯೋದ್ರಾಗ ಡಿಸೆಂಬರ್ ಬಂತು. ರಾಣಿ ಚೆನ್ನಮ್ಮನವರನ್ನ ನಮ್ಮ ಬೈಲಹೊಂಗಲ ಕೋಟ್ಯಾಗ ಸೆರಿ ಇಟ್ಟರು. 1829ರಾಗ ಅವರು ಅಲ್ಲೇ ತೀರಿಕೊಂಡ್ರು.

ಆಮ್ಯಾಲೆ ಓಶಾನೆಸ್ಸಿ ಅನ್ನೋ ಒಬ್ಬ ಡಾಕ್ಟರ್ 1850ರಾಗ ಕಲಕತ್ತಾದಿಂದ ಡೈಮಂಡ್ ಹಾರ್ಬರ್ ತನಕ ತಂತಿ ಎಳದು ನೋಡಿದ. 1855ರಾಗ ಜನರಿಗೂ ತಾರ ಕಳಸಾಕ ಬಿಟ್ರು. ಒಂದು ಕಡೆ ಗುಂಡಿ ಒತ್ತಿದ್ರ ಇನ್ನೊಂದು ಕಡೆ ಕಟ್ಟ-ಕಡ ಸಪ್ಪಳ. ಗಿಡ್ಡ ಸಪ್ಪಳ, ಉದ್ದ ಸಪ್ಪಳ ಕೂಡಿಸಿ ಅಕ್ಷರ ಮಾಡೋದು.

ಆದ್ರ ತಂತಿ ಬಂದದ್ದು ದೊಡ್ಡ ಊರಿಗೆ. 1858ರ ಮೇ 29ರ ರಾತ್ರಿ ರಾಮದುರ್ಗದ ಹತ್ತಿರ ಸುರೇಬಾನದಾಗ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಇಳಕೊಂಡಿದ್ದ. ನರಗುಂದದ ಬಾಬಾಸಾಹೇಬರ ಮಂದಿ ಅಲ್ಲೇ ಅವನನ್ನ ಕೊಂದ್ರು. ಕೆಲವೇ ದಿನದಾಗ ನರಗುಂದ ಬಿತ್ತು. ಬಾಬಾಸಾಹೇಬರು ಸಿಕ್ಕರು, ಜೂನ್ ತಿಂಗಳದಾಗ ಬೆಳಗಾವ್ಯಾಗ ಗಲ್ಲಿಗೇರಿಸಿದ್ರು. ಅವರ ತಾಯಿ, ಹೆಂಡತಿ ಇಬ್ಬರೂ ಮಲಪ್ರಭಾಕ್ಕ ಹಾರಿಕೊಂಡ್ರು. ಇತಿಹಾಸದಾಗ ಇದು ಒಂದೇ ಸಾಲು. ನನಗ ಮಾತ್ರ ಯಾವಾಗ್ಲೂ ಅನಸ್ತದ, ಆ ಅತ್ತಿ-ಸೊಸಿಗೆ ಯಾವ ಸುದ್ದಿ ಯಾರ ಬಾಯಿಂದ ಮುಟ್ಟಿತ್ತೋ ಏನೋ.

ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಕ್ಕ ರೈಲ ಇಲ್ಲ. ಹಿಂಗಾಗಿ ನಮಗ ತಾರ ಅಂದ್ರ ಪೋಸ್ಟ್ ಆಫೀಸಿನ ಮಂದಿ, ಅವರ ಸೈಕಲ್. ಶಬ್ದಕ್ಕ ಇಷ್ಟು ಅಂತ ರೊಕ್ಕ; ಅದಕ್ಕ ಯಾರೂ ಉದ್ದ ಬರೀತಿರಲಿಲ್ಲ. ಮದುವಿ, ದೀಪಾವಳಿ, ಪರೀಕ್ಷಾ ಪಾಸಾದದ್ದಕ್ಕ ಅಚ್ಚಿನ ಶುಭಾಶಯ ಇರ್ತಿದ್ವು, ನಂಬರ್ ಹೇಳಿದ್ರ ಸಾಕು. ಮಿಲಿಟರ್ಯಾಗ ಇದ್ದ ಹುಡುಗರಿಗೆ ಸೂಟಿ ಸಿಗಬೇಕಾದ್ರೂ ಮನಿಯಿಂದ ತಾರ ಬೇಕು.

ಇಷ್ಟಿದ್ರೂ ಸೈಕಲ್ ಬಾಗಿಲಿಗೆ ನಿಂತ್ರ ಸಾಕು, ಓದೋಕಿಂತ ಮೊದಲ ಅಳು ಸುರು. ಓದಾಕ ಯಾರಿಗೆ ಬರ್ತಿತ್ತು? ಇಂಗ್ಲಿಷ್ ಅದು. ಓಣಿಯ ಮಾಸ್ತರ್ ಬರೋತನಕ ರೊಟ್ಟಿ ಹಂಚಿನ ಮ್ಯಾಲೆ ಸೀದು ಹೋಗ್ತಿತ್ತು. ಒಮ್ಮೆ ನಮ್ಮನ್ಯಾಗ ಹಿಂಗ ಎಲ್ಲಾರೂ ಅತ್ತು ಮುಗಿಸಿದ ಮ್ಯಾಲೆ ಮಾಸ್ತರ್ ನಕ್ಕೋತ ಹೇಳಿದ್ರು, "ಗಂಡು ಹುಟ್ಟೇತಿ, ಸಕ್ಕರಿ ಹಂಚ್ರೆವ್ವಾ."

ಟ್ರಂಕಿನ್ಯಾಗಿನ ತಾರ ಅಂಥಾದ್ದಲ್ಲ. "ತಾಯಿ ಸೀರಿಯಸ್, ಕೂಡಲೇ ಬರ್ರಿ" ಅನ್ನೋ ಅರ್ಥದ ನಾಕು ಶಬ್ದ. ಸತ್ತರೂ ಸೀರಿಯಸ್ ಅಂತನ ಬರೀತಿದ್ರು, ದಾರ್ಯಾಗ ಗಟ್ಟಿ ಇರ್ಲಿ ಅಂತ. ಆಯಿಗೆ ತವರು ರಾಮದುರ್ಗದ ಕಡೆ ಹಳ್ಳಿ. ತಾರ ಕೈಗೆ ಬರೋದ್ರಾಗ ಸಂಜಿ ಬಸ್ಸು ಹೋಗಿತ್ತು. ಮರುದಿನ ಸವದತ್ತಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಊರು ಮುಟ್ಟೋದ್ರಾಗ ಮಣ್ಣು ಮುಗಿದಿತ್ತು. ತಾಯಿ ಮುಖ ಕಾಣಲಿಲ್ಲ. ಆಯಿ ಯಾರಿಗೂ ಬೈಲಿಲ್ಲ. ಆ ಕಾಗದ ಮಾತ್ರ ಒಗೀಲಿಲ್ಲ.

2013ರ ಜುಲೈ 14ಕ್ಕ ದೇಶದಾಗ ಕಡೀ ತಾರ ತಗೊಂಡ್ರು, ಮರುದಿನದಿಂದ ಬಂದ್. ಈಗ ಮಗಳು ಅಮೆರಿಕಾದಾಗ ಕೆಮ್ಮಿದ್ರೂ ನಮಗ ಇಲ್ಲಿ ಕೇಳಸ್ತದ. ಛಲೋನ ಆತು.

ಸೊಸಿಗೆ ಇಷ್ಟೆಲ್ಲಾ ಹೇಳಿದ ಮ್ಯಾಲೆ ಅಕಿ ಕಾಗದ ಮತ್ತ ಅದ ಮಡಿಕ್ಯಾಗ ಇಟ್ಟು, ಎದ್ದು ಹೋಗಿ ಅವರವ್ವಗ ಫೋನ್ ಹಚ್ಚಿದ್ಲು. ನಿಮ್ಮ ಮನಿ ಟ್ರಂಕಿನ್ಯಾಗೂ ಇಂಥಾವು ಇದ್ರ ರದ್ದಿಗೆ ಹಾಕಬ್ಯಾಡ್ರಿ. ಹಿರ್‍ಯಾರು ಇದ್ದಾಗನ ಯಾರ ತಾರ, ಯಾವ ವರ್ಷದ್ದು ಅಂತ ಕೇಳಿ ಹಿಂದ ಬರದಿಡ್ರಿ.