ಲಿಂಫೋಮಾ ಪತ್ತೆಯ ಇತಿಹಾಸ

ದುಗ್ಧಗ್ರಂಥಿಗಳ ಕ್ಯಾನ್ಸರಿಗೆ ಲಿಂಫೋಮಾ ಎಂದು ಹೆಸರು. ಕತ್ತು, ಕಂಕುಳು, ತೊಡೆಸಂದಿನಲ್ಲಿ ನೋವಿಲ್ಲದೆ ಏಳುವ ಗಂಟು ಇದರ ಸಾಮಾನ್ಯ ಲಕ್ಷಣ. ಕ್ಷಯದಿಂದಲೂ ಇಂಥದೇ ಗಂಟು ಏಳುತ್ತದೆ. ಹಳಬರ ಗಂಡಮಾಲೆ ಹೆಚ್ಚಾಗಿ ಅದೇ. ಇವೆರಡನ್ನು ಬೇರ್ಪಡಿಸುವುದೇ ವೈದ್ಯರಿಗೆ ಮೊದಲಿನಿಂದ ಎದುರಾದ ಕಷ್ಟ.

ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಶವಪರೀಕ್ಷೆ ನಡೆಸುತ್ತಿದ್ದ ಥಾಮಸ್ ಹಾಜ್ಕಿನ್ 1832ರಲ್ಲಿ ಏಳು ರೋಗಿಗಳ ವಿವರ ಮುಂದಿಟ್ಟರು. ಅವರ ಗ್ರಂಥಿಗಳು ಊದಿದ್ದವು, ಹಲವರ ಗುಲ್ಮವೂ ಕೆಟ್ಟಿತ್ತು. ಇದು ಉರಿಯೂತದ ಬಾವಲ್ಲ, ಗ್ರಂಥಿಯಲ್ಲೇ ಹುಟ್ಟಿದ ರೋಗ ಎಂದು ಹಾಜ್ಕಿನ್ ಬಗೆದರು. ಬರಿಗಣ್ಣಿನಿಂದ ನೋಡಿ ಆಡಿದ ಮಾತದು. ಪ್ರಬಂಧ ಮೂಲೆ ಸೇರಿತು. ಅದೇ ಆಸ್ಪತ್ರೆಯ ಸ್ಯಾಮ್ಯುಯೆಲ್ ವಿಲ್ಕ್ಸ್ ಈ ಕಾಯಿಲೆಯನ್ನು ತಾವಾಗಿ ಗುರುತಿಸಿ, ಹಿಂದಿನ ಪ್ರಬಂಧ ಕಣ್ಣಿಗೆ ಬಿದ್ದ ಮೇಲೆ 1865ರಲ್ಲಿ ಅದಕ್ಕೆ ಹಾಜ್ಕಿನ್ ಹೆಸರಿಟ್ಟರು. ತನ್ನದೆನ್ನಬಹುದಾಗಿದ್ದ ಶೋಧವನ್ನು ಹಿರಿಯರಿಗೆ ಒಪ್ಪಿಸಿದ ಈ ದೊಡ್ಡತನ ನೆನೆಯತಕ್ಕದ್ದು. ಕಾಪಿಟ್ಟಿದ್ದ ಹಾಜ್ಕಿನ್ನರ ಮಾದರಿಗಳಲ್ಲಿ ಮೂರನ್ನು 1926ರಲ್ಲಿ ರೋಗಶಾಸ್ತ್ರಜ್ಞ ಹರ್ಬರ್ಟ್ ಫಾಕ್ಸ್ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ ಎರಡರಲ್ಲಿ ಆ ಕಾಯಿಲೆಯೇ ಕಂಡಿತು.

ವಿಯೆನ್ನಾದ ಕಾರ್ಲ್ ಸ್ಟರ್ನ್‌ಬರ್ಗ್ 1898ರಲ್ಲಿ ರೋಗಗ್ರಸ್ತ ಗ್ರಂಥಿಯಲ್ಲಿ ದೈತ್ಯ ಕೋಶಗಳನ್ನು ಕಂಡರೂ ಕಾಯಿಲೆಯನ್ನು ಕ್ಷಯದ ಒಂದು ರೂಪವೆಂದೇ ನಂಬಿದರು. ಅದು ಕ್ಷಯವಲ್ಲವೆಂದು 1902ರಲ್ಲಿ ವಾದಿಸಿದವರು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ಯುವ ವೈದ್ಯೆ ಡೊರೊತಿ ರೀಡ್. ಎರಡು ದೊಡ್ಡ ಕೋಶಕೇಂದ್ರಗಳಿಂದ ಗೂಬೆಗಣ್ಣಿನಂತೆ ತೋರುವ ಆ ಕೋಶವನ್ನು ಅವರು ಚಿತ್ರಸಹಿತ ವರ್ಣಿಸಿದರು. ರೀಡ್-ಸ್ಟರ್ನ್‌ಬರ್ಗ್ ಕೋಶವೆಂಬ ಹೆಸರು ಇಂದಿಗೂ ವರದಿಗಳಲ್ಲಿದೆ.

ಹಾಜ್ಕಿನ್ ಕಾಯಿಲೆ ಲಿಂಫೋಮಾದ ಒಂದು ಬಗೆ. ಉಳಿದವು ಹಾಜ್ಕಿನ್ ಅಲ್ಲದ ಲಿಂಫೋಮಾಗಳು. ಕೋಶದ ಗಾತ್ರ, ಆಕಾರ ನೋಡಿ ವಿಂಗಡಿಸುವಾಗ ತಜ್ಞರಲ್ಲೇ ಒಮ್ಮತವಿರಲಿಲ್ಲ. 1975ರಲ್ಲಿ ವಿಜ್ಞಾನಿಗಳಾದ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಗುರಿಯನ್ನು ಹಿಡಿಯುವ ಪ್ರತಿಕಾಯಗಳನ್ನು ತಯಾರಿಸುವ ವಿಧಾನ ಕಂಡುಹಿಡಿದ ಮೇಲೆ ಕೋಶದ ಮೈಮೇಲಿನ ಗುರುತುಗಳಿಗೆ ಬಣ್ಣ ಹಚ್ಚಿ ಬಿಳಿ ರಕ್ತಕಣಗಳಲ್ಲಿ ಅದು ಬಿ ಕೋಶವೋ ಟಿ ಕೋಶವೋ ಎಂದು ಹೇಳುವುದು ಸಾಧ್ಯವಾಯಿತು. ರೀಡ್ ಚಿತ್ರಿಸಿದ ಕೋಶ ಬಹುಪಾಲು ಬಿ ಕೋಶದಿಂದಲೇ ಹುಟ್ಟಿದ್ದೆಂದು 1990ರ ದಶಕದಲ್ಲಿ ಒಂಟಿ ಕೋಶಗಳನ್ನು ಹೆಕ್ಕಿ ಅವುಗಳ ಜೀನ್ ಓದಿದ ಜರ್ಮನ್ ಸಂಶೋಧಕರು ತೋರಿಸಿದರು.

ರೋಗ ಎಲ್ಲೆಲ್ಲಿ ಹರಡಿದೆಯೆಂದು ತಿಳಿಯಲು ಒಂದು ಕಾಲದಲ್ಲಿ ಹೊಟ್ಟೆ ಕೊಯ್ದು ಗುಲ್ಮವನ್ನೇ ತೆಗೆಯುತ್ತಿದ್ದರು. ಈಗ ಆ ಕೆಲಸ ಪೆಟ್-ಸಿಟಿ ಸ್ಕ್ಯಾನಿನದು.

ಕ್ಷಯ ಹೆಚ್ಚಿರುವ ಭಾರತದಲ್ಲಿ ಹಳೆಯ ಗೊಂದಲ ಇನ್ನೂ ಜೀವಂತ. ಕತ್ತಿನ ಗಂಟಿಗೆ ಬಯಾಪ್ಸಿ ಮಾಡದೆ ಕ್ಷಯದ ಮಾತ್ರೆ ಕೊಟ್ಟು ತಿಂಗಳುಗಟ್ಟಲೆ ಕಾಯುವುದುಂಟು. ಗಂಟಿಗೆ ತೆಳು ಸೂಜಿ ಚುಚ್ಚಿ ಹೀರಿದರೂ ಬರುವುದು ಬಿಡಿ ಕೋಶಗಳು. ಗ್ರಂಥಿಯ ಒಳವಿನ್ಯಾಸ ಅದರಲ್ಲಿ ಕಾಣದು. ಆದ್ದರಿಂದ ಸಾಧ್ಯವಿದ್ದಲ್ಲಿ ಇಡೀ ಗ್ರಂಥಿಯನ್ನು ತೆಗೆದು ಪರೀಕ್ಷಿಸಬೇಕೆನ್ನುತ್ತಾರೆ ರೋಗಶಾಸ್ತ್ರಜ್ಞರು.